ಮಂಜುಗಡ್ಡೆ ನುಡಿಸುವ ಪಿಟೀಲು

೧೯೮೬ನೆಯ ಇಸವಿ ಏಪ್ರಿಲ್ ೧೨ನೆಯ ದಿನ. ನಮ್ಮ ಕಡೆ ಬೇಸಗೆಯ ಬಿಸಿಲು ಏರುತ್ತಿದ್ದ ಆ ದಿನಗಳಲ್ಲಿ ಕೆನಡ ದೇಶದ ಉತ್ತರದ ಅಂಚಿನ ಬೋಫರ್ಟ್ ಸಮುದ್ರವು ಇನ್ನೂ ಹೆಪ್ಪುಗಟ್ಟಿಯೇ ಇತ್ತು. ಆ ಬಿಳಿಯ ಬಯಲಿನ ನಡುವೆ ‘ಮೊಲಿಕ್‌ಪಾಕ್’ ಎಂಬ ಉಕ್ಕಿನ ಕೋಟೆಯೊಂದು ನಿಂತಿತ್ತು. ಅಲ್ಲಿಯ ಮೂಲನಿವಾಸಿಗಳ ನುಡಿಯಲ್ಲಿ ಆ ಹೆಸರಿಗೆ ‘ದೊಡ್ಡ ಅಲೆ’ ಎಂದರ್ಥ. ಸಮುದ್ರದ ತಳದಲ್ಲಿ ಎಣ್ಣೆಯನ್ನು ಹುಡುಕುವ ಸಲುವಾಗಿ ೧೯೮೪ರಲ್ಲಿ ಅದನ್ನು ಆ ಕಡಲಿಗೆ ತಂದಿದ್ದರು. ಎಂಟು ಮುಖಗಳ ಉಕ್ಕಿನ ಬಳೆ. ಬುಡದಲ್ಲಿ ನೂರು ಮೀಟರಿಗೂ ಮಿಗಿಲಾದ ಅಗಲ. ಬಳೆಯ ಹೊಟ್ಟೆಯ ತುಂಬ ಮರಳು. ಕಡಲು ಎಷ್ಟೇ ನೂಕಲಿ, ಆ ಮರಳಿನ ತೂಕವೇ ಕೋಟೆಯನ್ನು ಕದಲಗೊಡದೆ ಹಿಡಿದಿರುವುದೆಂದು ಕಟ್ಟಿದವರ ಲೆಕ್ಕ.

ಅಂದು ಹಳೆಯ ಮಂಜುಗಡ್ಡೆಯ ಭಾರಿ ಹಾಸೊಂದು ತೇಲಿ ಬಂದು ಕೋಟೆಯ ಒಂದು ಮುಖಕ್ಕೆ ಒರಗಿತು. ಒಂದೇ ಚಳಿಗಾಲದಲ್ಲಿ ಹುಟ್ಟಿದ ಮಂಜು ಬೇರೆ, ಹಲವು ಬೇಸಗೆಗಳನ್ನು ಕಂಡು ಕರಗದೆ ಉಳಿದ ಮಂಜು ಬೇರೆ. ಎರಡನೆಯದರಲ್ಲಿ ಉಪ್ಪು ಸೋರಿಹೋಗಿ ದಪ್ಪವೂ ಗಡಸುತನವೂ ಬೆಳೆದಿರುತ್ತವೆ. ಅದು ಬಂದ ವೇಗವಾದರೂ ಎಷ್ಟು? ಮನುಷ್ಯನ ನಡಿಗೆಗಿಂತ ಎಷ್ಟೋ ಕಡಿಮೆ. ಆದರೆ ಆ ನಿಧಾನದ ನೂಕಿಗೆ ಉಕ್ಕಿನ ಕೋಟೆ ತಾಳ ಹಾಕಿದಂತೆ ನಡುಗತೊಡಗಿತು. ಮುಖದ ಉದ್ದಕ್ಕೂ ಮಂಜು ಒಂದೇ ಸಲ ಪುಡಿಯಾಗುವುದು, ಒಂದೇ ಸಲ ಮತ್ತೆ ಒತ್ತುವುದು. ಹೀಗೆ ಮತ್ತೆ ಮತ್ತೆ. ನದೀತೀರದಲ್ಲಿ ಆಡಿದ ಮಕ್ಕಳೆಲ್ಲರೂ ಬಲ್ಲರು: ಒದ್ದೆ ಮರಳನ್ನು ಅಂಗಾಲಿನಿಂದ ತಟ್ಟುತ್ತಿದ್ದರೆ ಅದು ಗಟ್ಟಿತನವನ್ನು ಬಿಟ್ಟು ನೀರಿನಂತಾಗುತ್ತದೆ. ಮೊಲಿಕ್‌ಪಾಕಿನ ಹೊಟ್ಟೆಯೊಳಗಿನ ಮರಳಿನಲ್ಲಿಯೂ ಒಂದು ಭಾಗ ಹಾಗೆಯೇ ಆಯಿತು. ಯಾವುದರ ತೂಕವನ್ನು ನಂಬಿ ಕೋಟೆ ನಿಂತಿತ್ತೋ ಅದೇ ಜಾರತೊಡಗಿದರೆ ಗತಿಯೇನು? ಅದೃಷ್ಟವಶಾತ್ ಮಂಜಿನ ಹಾಸು ಚಲನೆಯನ್ನು ನಿಲ್ಲಿಸಿತು; ಕೋಟೆ ಉಳಿಯಿತು. ೧೯೯೮ರಲ್ಲಿ ಅದೇ ಮೊಲಿಕ್‌ಪಾಕನ್ನು ರಷ್ಯದ ಸಖಾಲಿನ್ ದ್ವೀಪದ ಬಳಿಗೆ ಒಯ್ದು ಮತ್ತೆ ಕೆಲಸಕ್ಕೆ ಹಚ್ಚಿದರು. ಆದರೆ ಏಪ್ರಿಲ್ ೧೨ರಂದು ಅದರ ಮೇಲೆ ಬಿದ್ದ ಭಾರವೆಷ್ಟೆಂಬ ವಾದ ಇನ್ನೂ ಮುಗಿದಿಲ್ಲ. ಮೊದಲು ಮಾಡಿದ ಲೆಕ್ಕ ಹೆಚ್ಚಾಯಿತೆಂದು ಮುಂದೆ ಕೆಲವರು ಅದನ್ನು ಬಹಳವಾಗಿ ಇಳಿಸಿದರು.

ನಮಗೆ ಇಲ್ಲಿ ಬೇಕಾದುದು ಆ ಭಾರದ ಅಂಕಿಯಲ್ಲ, ಆ ನಡುಕ. ಅಲೆ ಬಡಿದರೆ ಕಂಬ ನಡುಗುವುದು ಸಹಜ, ಏಕೆಂದರೆ ಅಲೆಯೇ ಬಂದು ಹೋಗುವ ವಸ್ತು. ಆದರೆ ಮಂಜುಗಡ್ಡೆ ಹಾಗಲ್ಲ. ಅದು ಒಂದೇ ಸಮನೆ, ಒಂದೇ ದಿಕ್ಕಿಗೆ, ಒಂದೇ ವೇಗದಿಂದ ಒತ್ತುತ್ತದೆ. ಒಂದೇ ಸಮನೆ ಒತ್ತುವ ಶಕ್ತಿಯಿಂದ ಹಿಂದಕ್ಕೂ ಮುಂದಕ್ಕೂ ತೂಗುವ ಚಲನೆ ಹುಟ್ಟುವುದೆಂತು?

ಉತ್ತರ ನಮ್ಮ ಕಣ್ಣೆದುರಿಗೇ ಇದೆ. ಪಿಟೀಲು ನುಡಿಸುವ ವಿದ್ವಾಂಸರ ಕಮಾನನ್ನು ನೋಡಿರಿ. ಕಮಾನು ಒಂದೇ ಸಮನೆ ಒಂದೇ ಕಡೆಗೆ ಎಳೆಯುತ್ತ ಹೋಗುತ್ತದೆ. ತಂತಿ ಮಾತ್ರ ಸೆಕೆಂಡಿಗೆ ನೂರಾರು ಸಲ ಅತ್ತಿತ್ತ ಆಡುತ್ತದೆ. ರಾಳ ಹಚ್ಚಿದ ಕಮಾನು ತಂತಿಯನ್ನು ಹಿಡಿದು ತನ್ನೊಡನೆ ಎಳೆದೊಯ್ಯುತ್ತದೆ. ಬಿಗಿ ಹೆಚ್ಚಾದೊಡನೆ ತಂತಿ ಜಾರಿ ಹಿಂದಕ್ಕೆ ಚಿಮ್ಮುತ್ತದೆ. ಮತ್ತೆ ಕಮಾನಿಗೆ ಸಿಕ್ಕಿಬೀಳುತ್ತದೆ. ಹಳೆಯ ಬಾಗಿಲು ಕಿರುಗುಟ್ಟುವುದೂ ಕರಿಹಲಗೆಯ ಮೇಲೆ ಸೀಮೆಸುಣ್ಣ ಕೀಚೆನ್ನುವುದೂ ಇದೇ ವಿದ್ಯೆ. ಹೆಪ್ಪುಗಟ್ಟಿದ ಕಡಲಿನಲ್ಲಿ ಮಂಜೇ ಕಮಾನು, ಮನುಷ್ಯ ಕಟ್ಟಿದ ಗೋಪುರವೇ ತಂತಿ. ನಾದ ಮಾತ್ರ ಕೇಳುವವರಿಗೆ ಹಿತವಾದುದಲ್ಲ.

ಅಲಾಸ್ಕದ ಕೊಲ್ಲಿಯಲ್ಲಿ

ಈ ಸಂಗತಿ ಮೊದಲು ಎಂಜಿನಿಯರುಗಳ ನಿದ್ದೆಗೆಡಿಸಿದುದು ಅಮೆರಿಕದ ಅಲಾಸ್ಕ ಪ್ರಾಂತದ ಕುಕ್ ಕೊಲ್ಲಿಯಲ್ಲಿ. ಅಲ್ಲಿ ೧೯೬೪ರಲ್ಲಿ ಮೊದಲನೆಯ ಶಾಶ್ವತ ಎಣ್ಣೆವೇದಿಕೆಯನ್ನು ನಿಲ್ಲಿಸಿದರು. ಉಬ್ಬರವಿಳಿತಗಳ ಅಬ್ಬರಕ್ಕೆ ಹೆಸರಾದ ಕೊಲ್ಲಿ ಅದು. ಚಳಿಗಾಲದಲ್ಲಿ ಮಂಜಿನ ಹಾಳೆಗಳು ಉಬ್ಬರದೊಡನೆ ಒಳಕ್ಕೆ ನುಗ್ಗಿ ಇಳಿತದೊಡನೆ ಹೊರಕ್ಕೆ ಓಡುತ್ತವೆ. ನಡುವೆ ಸಿಕ್ಕಿದ ಕಾಲುಗಳನ್ನು ದಿನಕ್ಕೆ ನಾಲ್ಕು ಬಾರಿ ಉಜ್ಜುತ್ತವೆ. ಆಗಿನ ಪುಸ್ತಕಗಳಲ್ಲಿ ಮಂಜುಗಡ್ಡೆಯ ಬಲವನ್ನು ಕುರಿತು ಇದ್ದ ಲೆಕ್ಕ ಸರಳವಾದುದು: ಮಂಜಿನ ಗಡಸುತನ ಇಷ್ಟು, ದಪ್ಪ ಇಷ್ಟು, ಕಂಬದ ಅಗಲ ಇಷ್ಟು, ಗುಣಿಸಿದರೆ ಭಾರ ಬಂತು. ಕಂಬ ನಡುಗಬಹುದೆಂಬ ಮಾತೇ ಅದರಲ್ಲಿ ಇರಲಿಲ್ಲ.

ಅಲಾಸ್ಕ ವಿಶ್ವವಿದ್ಯಾನಿಲಯದ ಪೇಟನ್ ಎಂಬವರು ಅಲ್ಲಿ ಅಳತೆ ಮಾಡಿ ನೋಡಿದಾಗ ಎರಡು ವಿಚಿತ್ರಗಳು ಕಂಡುಬಂದವು. ಮೊದಲನೆಯದು, ಭಾರವು ಒಂದೇ ಸಮನೆ ಇರದೆ ಏರಿಳಿಯುತ್ತಿತ್ತು. ಎರಡನೆಯದು ಇನ್ನೂ ಸೋಜಿಗದ್ದು. ಮಂಜು ರಭಸದಿಂದ ಓಡುವಾಗ ಬೀಳುವ ಭಾರಕ್ಕಿಂತ, ಉಬ್ಬರ ತಗ್ಗಿ ಅದು ನಿಧಾನವಾಗಿ ತೆವಳುವಾಗ ಬೀಳುವ ಭಾರವೇ ಹೆಚ್ಚು! ಓಡಿಬರುವ ಎತ್ತಿಗಿಂತ ಮೆಲ್ಲನೆ ಒರಗುವ ಎತ್ತು ಬೇಲಿಯನ್ನು ಬೇಗ ಮುರಿಯಿತೆಂದರೆ ಯಾರು ನಂಬುವರು?

ಇದಕ್ಕೆ ಕಾರಣ ಮಂಜುಗಡ್ಡೆಯ ಇಬ್ಬಗೆಯ ಸ್ವಭಾವ. ಕಾಗದಪತ್ರಗಳಿಗೆ ಮೊಹರು ಹಾಕುವ ಅರಗಿನ ಕಡ್ಡಿಯನ್ನು ಮೆಲ್ಲಮೆಲ್ಲನೆ ಬಗ್ಗಿಸಿದರೆ ಅದು ಬಾಗುತ್ತದೆ. ಥಟ್ಟನೆ ಬಗ್ಗಿಸಿದರೆ ಗಾಜಿನಂತೆ ಮುರಿಯುತ್ತದೆ. ಮಂಜುಗಡ್ಡೆಯೂ ಹಾಗೆಯೇ. ನಾವು ಅದನ್ನು ತಣ್ಣನೆಯ ವಸ್ತುವೆನ್ನುತ್ತೇವೆ. ಲೋಹಶಾಸ್ತ್ರದ ಕಣ್ಣಿಗೆ ಅದು ಅತಿ ಬಿಸಿಯಾದ ವಸ್ತು. ಏಕೆಂದರೆ ಅದು ಸದಾ ತನ್ನ ಕರಗುವ ಬಿಂದುವಿನ ಸನಿಹದಲ್ಲಿಯೇ ಇರುತ್ತದೆ. ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗಿನ ಮಂಜುಗಡ್ಡೆಗೆ ಕಬ್ಬಿಣದಲ್ಲಿ ಜೋಡಿ ಹುಡುಕುವುದಾದರೆ ಕುಲುಮೆಯಲ್ಲಿ ಬೆಳ್ಳಗೆ ಕಾದು ಇನ್ನೇನು ಕರಗಲಿರುವ ಕಬ್ಬಿಣವನ್ನು ತರಬೇಕು. ಆದಕಾರಣ ನಿಧಾನವಾಗಿ ಒತ್ತಿದಾಗ ಮಂಜು ಮುರಿಯದೆ ಹಿಗ್ಗಿ ಕಂಬದ ಮೈಗೆ ಮೆತ್ತಿಕೊಳ್ಳುತ್ತದೆ, ಪೂರ್ಣ ಬಲದಿಂದ ನೂಕುತ್ತದೆ. ವೇಗವಾಗಿ ಒತ್ತಿದಾಗ ಇಲ್ಲೊಂದು ಚೂರು ಅಲ್ಲೊಂದು ಚೂರು ಸಿಡಿದು ಪುಡಿಯಾಗಿ, ಪೂರ್ಣ ಬಲ ಕಂಬಕ್ಕೆ ತಾಗುವುದೇ ಇಲ್ಲ.

ಇಷ್ಟನ್ನು ಎಲ್ಲರೂ ಒಪ್ಪಿದರು. ಮುಂದೆ ಎರಡು ಪಂಥಗಳಾದವು.

ಒಂದು ಪಂಥದವರು ಹೇಳಿದರು: ಮಂಜಿಗೆ ತನ್ನದೇ ಆದ ಮುರಿತದ ಅಳತೆಯಿದೆ, ಇಷ್ಟಿಷ್ಟು ದೂರ ಮುಂದೆ ಬಂದರೆ ಒಂದು ತುಣುಕು ಮುರಿಯುತ್ತದೆ, ಆ ಮುರಿತಗಳ ತಾಳವೇ ಕಂಬದ ನಡುಕ. ಟೆಕ್ಸಾಸ್ ವಿಶ್ವವಿದ್ಯಾನಿಲಯದ ಮ್ಯಾಟ್‌ಲಾಕ್ ಮತ್ತು ಸಂಗಡಿಗರು ೧೯೬೯ರಲ್ಲಿ ಇದಕ್ಕೊಂದು ಗಣಿತದ ಮಾದರಿಯನ್ನು ಕಟ್ಟಿದರು. ಅದು ಬಾಚಣಿಗೆಯ ಹಲ್ಲುಗಳ ಸಾಲು. ಬಾಚಣಿಗೆಯನ್ನು ಉಗುರಿಗೆ ತಾಗಿಸಿ ಎಳೆದರೆ ಹಲ್ಲು ಹಲ್ಲಿಗೂ ಉಗುರು ಬಾಗಿ ಬಿಡುವಂತೆ, ಒಂದೊಂದು ಹಲ್ಲು ಕಂಬವನ್ನು ಬಾಗಿಸಿ ಮುರಿದು ಬೀಳುವುದು, ಮುಂದಿನದು ಬರುವುದು.

ಇನ್ನೊಂದು ಪಂಥದವರ ವಾದ ಬೇರೆ. ತಾಳ ಮಂಜಿನದಲ್ಲ, ಕಂಬದ್ದೇ. ಎಲ್ಲ ಗೋಪುರಗಳಿಗೂ ತಮ್ಮದೇ ಆದ ಸಹಜ ತೂಗಾಟವಿದೆ. ಕಂಬ ಮಂಜಿನ ದಿಕ್ಕಿಗೇ ಸರಿಯುತ್ತಿರುವಾಗ ಎರಡರ ನಡುವಣ ವೇಗ ಕಡಿಮೆಯಾಗುತ್ತದೆ. ಮಂಜು ಅರಗಿನಂತಾಗಿ ಬಲವಾಗಿ ನೂಕುತ್ತದೆ. ಕಂಬ ಹಿಂದಿರುಗಿ ಮಂಜಿಗೆ ಎದುರಾಗಿ ಬರುವಾಗ ನಡುವಣ ವೇಗ ಹೆಚ್ಚುತ್ತದೆ. ಮಂಜು ಗಾಜಿನಂತಾಗಿ ಪುಡಿಯಾಗುತ್ತದೆ, ತಡೆಯುವುದಿಲ್ಲ. ಉಯ್ಯಾಲೆ ತೂಗುವ ತಾಯಿ ಏನು ಮಾಡುವಳು? ಮಗು ದೂರ ಹೋಗುವಾಗ ಮಾತ್ರ ನೂಕುವಳು, ಬರುವಾಗ ಕೈ ತೆಗೆಯುವಳು. ಅದರಿಂದ ತೂಗಾಟ ಬೆಳೆಯುತ್ತದೆ. ಸಾಮಾನ್ಯವಾಗಿ ತೂಗಾಟವನ್ನು ತಣಿಸಬೇಕಾದ ಸ್ಪರ್ಶವೇ ಇಲ್ಲಿ ಅದನ್ನು ಬೆಳೆಸುವುದರಿಂದ ಎಂಜಿನಿಯರುಗಳು ಇದಕ್ಕೆ ‘ಋಣ ಶಮನ’ ಎಂದು ಹೆಸರಿಟ್ಟರು. ೧೯೭೦ರಲ್ಲಿ ಕುಕ್ ಕೊಲ್ಲಿಯ ಅಳತೆಗಳ ಆಧಾರದಿಂದ ಬ್ಲೆಂಕಾರ್ನ್ ಎಂಬವರು ಈ ವಾದವನ್ನು ಮುಂದಿಟ್ಟರು. ಫಿನ್ಲೆಂಡಿನ ಮೌರಿ ಮಾತ್ತಾನೆನ್ ಅವರು ಅದನ್ನು ಬೆಳೆಸಿ ೧೯೭೮ರಲ್ಲಿ ಪ್ರೌಢ ಪ್ರಬಂಧವನ್ನೇ ಬರೆದರು.

ಮಾತ್ತಾನೆನ್ ಅವರಿಗೆ ಇದು ಬರಿಯ ಕಾಗದದ ತರ್ಕವಾಗಿರಲಿಲ್ಲ. ಅವರ ದೇಶದ ಬಾತ್ನಿಯಾ ಕೊಲ್ಲಿಯಲ್ಲಿ ಹಡಗುಗಳಿಗೆ ದಾರಿ ತೋರಲು ನಿಲ್ಲಿಸಿದ ಉಕ್ಕಿನ ದೀಪಸ್ತಂಭಗಳು ಚಳಿಗಾಲದಲ್ಲಿ ಎಷ್ಟು ನಡುಗುತ್ತಿದ್ದವೆಂದರೆ ಮೇಲಿನ ದೀಪದ ಉಪಕರಣಗಳು ಹಾಳಾಗುತ್ತಿದ್ದವು. ಕೆಲವು ಕಂಬಗಳು ಮುರಿದೂ ಬಿದ್ದವು. ಸ್ತಂಭದ ಮೇಲ್ಭಾಗವನ್ನು ಮೆತುವಾದ ಆಸರೆಯ ಮೇಲಿಟ್ಟು, ಬುಡದ ನಡುಕ ದೀಪಕ್ಕೆ ಏರದಂತೆ ಮಾಡುವ ಉಪಾಯವನ್ನು ಅವರೇ ಬಳಕೆಗೆ ತಂದರು. ಗಾಡಿಯ ಅಚ್ಚಿಗೂ ಕೂರುವ ಹಲಗೆಗೂ ನಡುವೆ ಬಿಲ್ಲು ಕೊಡುವಂತೆಯೇ ಇದು.

ಎರಡು ಪಂಥಗಳಲ್ಲಿ ಯಾರು ಸರಿ? ಕಡಲಿಗೆ ಹೋಗಿ ಕೇಳೋಣವೆಂದರೆ ಕಡಲು ತನಗೆ ಬೇಕಾದಾಗ, ಬೇಕಾದ ವೇಗದಲ್ಲಿ, ಬೇಕಾದ ದಪ್ಪದ ಮಂಜನ್ನು ಕಳುಹಿಸುತ್ತದೆ. ಸ್ವೀಡನ್ನಿನ ನೋರ್‌ಸ್ಟ್ರೊಮ್ಸ್‌ಗ್ರುಂಡ್ ದೀಪಸ್ತಂಭಕ್ಕೆ ಭಾರಮಾಪಕ ಹಲಗೆಗಳನ್ನು ತೊಡಿಸಿ ೧೯೯೭ರ ಬಳಿಕ ಹಲವು ಚಳಿಗಾಲ ಕಾದು ಕುಳಿತು ಅಳೆದರು. ಅಲ್ಲಿ ದೊರೆತ ಅಂಕಿಗಳು ಬೆಲೆಯುಳ್ಳವು. ಆದರೂ ಒಂದೇ ಪ್ರಶ್ನೆಯನ್ನು ಬೇರೆ ಬೇರೆ ವೇಗಗಳಲ್ಲಿ ಹತ್ತು ಸಲ ಕೇಳಬೇಕಾದರೆ ಕಡಲನ್ನು ಮನೆಯೊಳಕ್ಕೆ ತರಬೇಕು.

ಅಡುಗೆಯಂಥ ಕೆಲಸ

ಮಂಜಿನ ಕೊಳಗಳ ಪ್ರಯೋಗಶಾಲೆ ಹುಟ್ಟಿದುದು ಹಡಗುಗಳಿಗಾಗಿ. ೧೯೫೫ರಲ್ಲಿ ಲೆನಿನ್‌ಗ್ರಾಡಿನ ಧ್ರುವಪ್ರದೇಶ ಸಂಶೋಧನಾಲಯದಲ್ಲಿ ಇಂಥ ಮೊದಲ ಕೊಳ ಸಿದ್ಧವಾಯಿತು. ೧೯೬೯ರಲ್ಲಿ ಹೆಲ್ಸಿಂಕಿಯ ವಾರ್ಟ್‌ಸಿಲ ಕಂಪೆನಿಯವರು ಯುದ್ಧಕಾಲಕ್ಕೆಂದು ಕೊರೆದಿದ್ದ ನೆಲದಡಿಯ ಆಶ್ರಯವೊಂದರಲ್ಲಿ ತಮ್ಮ ಕೊಳವನ್ನು ಕಟ್ಟಿಕೊಂಡರು. ಜರ್ಮನಿಯ ಹ್ಯಾಂಬರ್ಗಿನಲ್ಲಿರುವ ಕೊಳ ೭೮ ಮೀಟರ್ ಉದ್ದ, ೧೦ ಮೀಟರ್ ಅಗಲ, ಎರಡೂವರೆ ಮೀಟರ್ ಆಳ. ಫಿನ್ಲೆಂಡಿನ ಆಲ್ಟೊ ವಿಶ್ವವಿದ್ಯಾನಿಲಯದ ಕೊಳ ನಮ್ಮ ದೇವಸ್ಥಾನದ ಕಲ್ಯಾಣಿಯಂತೆ ಚಚ್ಚೌಕ: ೪೦ ಮೀಟರಿಗೆ ೪೦ ಮೀಟರ್.

ನೀರು ತುಂಬಿ ಶೈತ್ಯಯಂತ್ರ ಹಚ್ಚಿದರೆ ಮಂಜಾಗದೆ? ಆಗುತ್ತದೆ, ಕೆಲಸಕ್ಕೆ ಬಾರದು. ಒಂದು ಮೀಟರ್ ದಪ್ಪದ ಮಂಜನ್ನು ಇಪ್ಪತ್ತೈದರಲ್ಲೊಂದು ಪಾಲಿಗೆ ಇಳಿಸಿದರೆ ನಾಲ್ಕು ಸೆಂಟಿಮೀಟರಾಯಿತು. ಆದರೆ ಮಾದರಿಯ ಹಡಗೋ ಕಂಬವೋ ನಿಜವಾದುದರಂತೆ ವರ್ತಿಸಬೇಕಾದರೆ ಮಂಜಿನ ಗಡಸುತನವೂ ಇಪ್ಪತ್ತೈದರಲ್ಲೊಂದು ಪಾಲಾಗಬೇಕು. ಶುದ್ಧ ನೀರಿನ ಮಂಜು ಅದಕ್ಕೆ ಬಹಳ ಗಟ್ಟಿ. ಆದುದರಿಂದ ನೀರಿಗೆ ಏನನ್ನಾದರೂ ಬೆರೆಸಿ ಮಂಜನ್ನು ಮೆತ್ತಗೆ ಮಾಡಬೇಕು. ಏನನ್ನು? ಇಲ್ಲಿ ಪ್ರಯೋಗಶಾಲೆ ಅಡುಗೆಮನೆಯಾಗುತ್ತದೆ. ಹ್ಯಾಂಬರ್ಗಿನವರು ಅಡುಗೆಯ ಉಪ್ಪನ್ನು ಹಾಕಿದರು. ಫಿನ್ಲೆಂಡಿನವರು ಮದ್ಯಸಾರವನ್ನು ಬೆರೆಸಿದರು. ಅಮೆರಿಕದ ಸೈನ್ಯಕ್ಕೆ ಸೇರಿದ ಶೀತಪ್ರದೇಶ ಸಂಶೋಧನಾಲಯದವರು ಯೂರಿಯಾವನ್ನು ಸುರಿದರು. ನಮ್ಮ ರೈತರು ಗದ್ದೆಗೆ ಎರಚುವ ಅದೇ ಗೊಬ್ಬರ! ಕೆನಡದ ಟಿಮ್ಕೊ ಅವರು ೧೯೮೬ರಲ್ಲಿ ಪ್ರಕಟಿಸಿದ ಪಾಕವಂತೂ ಎಲ್ಲಕ್ಕೂ ಮಿಗಿಲು: ಮೋಟಾರಿನ ಎಂಜಿನ್ನಿಗೆ ಹಾಕುವ ಗ್ಲೈಕಾಲ್, ಬಟ್ಟೆ ಒಗೆಯುವ ತೆರನ ಮಾರ್ಜಕ, ಮೇಲೆ ಸಕ್ಕರೆ.

ಪಾಕದಷ್ಟೇ ಮುಖ್ಯವಾದುದು ಹೆಪ್ಪು. ಹಾಲಿಗೆ ಹೆಪ್ಪು ಹಾಕುವಂತೆ ತಣಿದ ನೀರಿನ ಮೇಲೆ ಅತಿ ನುಣುಪಾದ ತುಂತುರನ್ನು ಸಿಂಪಡಿಸುತ್ತಾರೆ. ತುಂತುರು ಗಾಳಿಯಲ್ಲೇ ಹೆಪ್ಪುಗಟ್ಟಿ ಸಣ್ಣ ಸಣ್ಣ ಹರಳುಗಳಾಗಿ ನೀರಿನ ಮೇಲೆ ಕೂರುತ್ತದೆ. ಆ ಹರಳುಗಳಿಂದ ಮಂಜು ಕೆಳಮುಖವಾಗಿ ಬೆಳೆಯುತ್ತದೆ. ಮನೆಯೊಳಗಿನ ಗಾಳಿ ಎಲ್ಲ ಕಡೆಯೂ ಒಂದೇ ಸಮನೆ ತಣ್ಣಗಿರಬೇಕು, ಇಲ್ಲವಾದರೆ ಒಂದು ಮೂಲೆಯ ಮಂಜು ದಪ್ಪ, ಇನ್ನೊಂದು ಮೂಲೆಯದು ತೆಳು. ಬೆಳೆದ ಮೇಲೆ ಅದರ ಪರೀಕ್ಷೆ: ಹಾಸಿನಲ್ಲಿ ನಾಲಗೆಯಂಥ ಪಟ್ಟಿಗಳನ್ನು ಗರಗಸದಿಂದ ಸೀಳಿ, ತುದಿಯನ್ನು ಅದುಮಿ, ಎಷ್ಟು ಭಾರಕ್ಕೆ ಮುರಿಯಿತೆಂದು ನೋಡುತ್ತಾರೆ, ಚಚ್ಚೌಕದ ತುಂಡುಗಳನ್ನು ಕತ್ತರಿಸಿ ಹಿಂಡಿ ನೋಡುತ್ತಾರೆ. ಆಮೇಲೆ ಕೊಳದ ಮೇಲೆ ಹಳಿಗಳ ಮೇಲೆ ಓಡುವ ಗಾಡಿಗೆ ಕಂಬವನ್ನು ತೂಗುಹಾಕಿ ಮಂಜಿನೊಳಗೆ ನಡೆಸುತ್ತಾರೆ. ಕಡಲಿನಲ್ಲಿ ಮಂಜು ನಡೆದು ಕಂಬ ನಿಲ್ಲುವುದು. ಇಲ್ಲಿ ಕಂಬ ನಡೆದು ಮಂಜು ನಿಲ್ಲುವುದು. ಲೆಕ್ಕಕ್ಕೆ ಎರಡೂ ಒಂದೇ.

ಈ ಕೊಳಗಳು ಕೊಟ್ಟ ಮೊದಲ ಪಾಠ ವೇಗದ್ದು. ಮೆದುವಾಗಿ ಬಾಗಬಲ್ಲ ಕಂಬವನ್ನು ಅತಿ ನಿಧಾನವಾಗಿ ನಡೆಸಿದಾಗ ಮಂಜು ಮುರಿಯದೆ ಕಂಬವನ್ನು ಬಾಗಿಸುತ್ತಲೇ ಹೋಗುತ್ತದೆ. ಕೊನೆಗೊಮ್ಮೆ ಪೂರ್ತಿಯಾಗಿ ಕುಸಿಯುತ್ತದೆ. ಬಗ್ಗಿಸಿ ಹಿಡಿದ ಬಿದಿರಿನ ಕೊಂಬೆಯನ್ನು ಬಿಟ್ಟಂತೆ ಕಂಬ ಹಿಂದಕ್ಕೆ ಚಿಮ್ಮಿ ಅದುರುತ್ತದೆ. ಅದುರು ಅಡಗಿದ ಮೇಲೆ ಮತ್ತೆ ಅದೇ ಕಥೆ. ವೇಗ ಸ್ವಲ್ಪ ಹೆಚ್ಚಿದರೆ ಅದುರು ಅಡಗಲು ಬಿಡುವೇ ದೊರೆಯದೆ ಕಂಬ ತನ್ನ ಸಹಜ ಗತಿಯಲ್ಲಿ ಎಡೆಬಿಡದೆ ತೂಗತೊಡಗುತ್ತದೆ. ಮೊಲಿಕ್‌ಪಾಕ್ ಕಂಡುದು ಈ ಬಗೆಯ ನಡುಕವನ್ನೇ. ವೇಗ ಇನ್ನೂ ಹೆಚ್ಚಿದರೆ ತಾಳ ತಪ್ಪಿ, ಚೂರುಗಳು ಮನಬಂದಂತೆ ಸಿಡಿದು, ಭಾರ ತಗ್ಗುತ್ತದೆ. ಸಂಗೀತಗಾರರಿಗೆ ತಾಳ ತಪ್ಪುವುದು ಅಪಚಾರ. ಎಂಜಿನಿಯರಿಗೆ ಅದೇ ನೆಮ್ಮದಿ.

ಎರಡನೆಯ ಪಾಠ ಪಂಥಗಳ ಜಗಳಕ್ಕೆ ಸಂಬಂಧಿಸಿದುದು. ಅಮೆರಿಕದ ಆ ಸಂಶೋಧನಾಲಯದಲ್ಲಿ ದೇವಿಂದರ್ ಸೋಧಿ ಮತ್ತು ಸಂಗಡಿಗರು ೧೯೮೦ರ ದಶಕದಲ್ಲಿ ಯೂರಿಯಾ ಮಂಜಿನೊಳಗೆ ಬಾಗದ ಗಟ್ಟಿ ಕಂಬಗಳನ್ನು ನಡೆಸಿ ನೋಡಿದರು. ಭಾರದ ಏರಿಳಿತ ಅಲ್ಲಿಯೂ ಇತ್ತು. ವೇಗ ಹೆಚ್ಚಿದಷ್ಟೂ ಅದು ಚುರುಕಾಗುತ್ತಿತ್ತು; ಮಂಜು ದಪ್ಪವಾದಷ್ಟೂ ನಿಧಾನವಾಗುತ್ತಿತ್ತು. ಅಂದರೆ ಮಂಜಿಗೆ ತನ್ನದೇ ಮುರಿತದ ಅಳತೆಯಿದೆ ಎಂಬುದು ಸುಳ್ಳಲ್ಲ. ಆದರೆ ಕಂಬಕ್ಕೆ ಬಾಗುವ ಗುಣ ಕೊಟ್ಟೊಡನೆ ಚಿತ್ರವೇ ಬದಲಾಗುತ್ತದೆ: ಹಲವು ವೇಗಗಳ ಉದ್ದಕ್ಕೂ ಏರಿಳಿತದ ಗತಿ ಕಂಬದ ಸಹಜ ಗತಿಗೇ ಅಂಟಿಕೊಳ್ಳುತ್ತದೆ. ಒಂದೇ ಕೈಯಿಂದ ಚಪ್ಪಾಳೆಯಾಗುವುದಿಲ್ಲ. ಮಂಜಿನ ಭಾರವೆಂಬುದು ಮಂಜೊಂದರದೇ ಗುಣವಲ್ಲ. ಅದನ್ನು ಎದುರಿಸಿ ನಿಂತ ಗೋಪುರವೂ ಅದರ ಹುಟ್ಟಿಗೆ ಪಾಲುದಾರ. ಗಟ್ಟಿ ಕಂಬದ ಮೇಲೆ ಅಳೆದ ಭಾರವನ್ನು ತಂದು ಬಾಗುವ ಗೋಪುರದ ನಕಾಶೆಗೆ ಹಾಕಿಕೊಂಡರೆ ಮೋಸಹೋಗುವುದು ಇದರಿಂದಲೇ.

ಮೂರನೆಯದು ನನಗೆ ಎಲ್ಲಕ್ಕಿಂತ ಸೊಗಸಾಗಿ ಕಂಡ ಪ್ರಯೋಗ. ಮಂಜು ಮುರಿಯುವ ಜಾಗವನ್ನು ಯಾರೂ ಕಣ್ಣಾರೆ ಕಂಡಿರಲಿಲ್ಲ. ಅದು ಕಂಬಕ್ಕೂ ಮಂಜಿಗೂ ನಡುವೆ ಮುಚ್ಚಿಹೋಗಿರುತ್ತದೆ. ಫಿನ್ಲೆಂಡಿನ ಯೊಯೆನ್ಸೂ ಮತ್ತು ರಿಸ್ಕ ಎಂಬವರು, ೧೯೮೯ರಲ್ಲಿ ವರದಿಯಾದ ತಮ್ಮ ಪ್ರಯೋಗದಲ್ಲಿ, ಉಕ್ಕಿನ ಬದಲು ಪಾರದರ್ಶಕ ಕಿಟಕಿಯನ್ನಿಟ್ಟು ಅದರ ಹಿಂದಿನಿಂದ ನೋಡಿದರು. ಎಲ್ಲರೂ ಭಾವಿಸಿದ್ದಂತೆ ಮಂಜಿನ ಇಡೀ ಮುಖ ಕಿಟಕಿಗೆ ಒತ್ತಿಕೊಂಡಿರಲಿಲ್ಲ. ನಡುದಪ್ಪದಲ್ಲಿ ಒಂದು ಸಣ್ಣ ಗೆರೆ ಮಾತ್ರ. ಮೇಲೆ ಕೆಳಗೆಲ್ಲ ಪುಡಿ. ಅಷ್ಟೂ ಭಾರ ಆ ಒಂದು ಗೆರೆಯ ಮೂಲಕ ಬರುತ್ತಿತ್ತು! ಹಾಗಾದರೆ ನಿಧಾನ ವೇಗದಲ್ಲಿ ಭಾರ ಹೆಚ್ಚುವುದೇಕೆ? ಮಂಜಿನ ಕಣಕಣದ ಬಲ ಹೆಚ್ಚುವುದಕ್ಕಿಂತ ಈ ಸ್ಪರ್ಶದ ವಿಸ್ತಾರ ಹೆಚ್ಚುವುದೇ ಮುಖ್ಯವೆಂದು ಹಾಲೆಂಡಿನ ಡೆಲ್ಫ್ಟ್ ನಗರದ ಹಾಯೊ ಹೆಂಡ್ರಿಕ್ಸೆ ಮೊದಲಾದವರು ಈಚಿನ ವರ್ಷಗಳಲ್ಲಿ ವಾದಿಸಿದ್ದಾರೆ. ಕಂಬ ಮಂಜಿನೊಡನೆ ಸರಿಯುವ ಆ ಒಂದೆರಡು ಕ್ಷಣಗಳಲ್ಲಿ ಮಂಜಿಗೆ ಹಿಗ್ಗಿ ಅಗಲವಾಗಿ ತಾಗಲು ಕಾಲಾವಕಾಶ ಸಿಗುತ್ತದೆ, ಅಷ್ಟೆ.

ಚಿಕ್ಕ ಮಂಜಿನ ದ್ರೋಹ

ಇಷ್ಟಾದರೂ ಪ್ರಯೋಗಶಾಲೆಯವರ ಮನಸ್ಸಿನಲ್ಲಿ ಒಂದು ಮುಳ್ಳು ಉಳಿದಿತ್ತು. ಅವರ ಅಡುಗೆಯೇ ಅವರಿಗೆ ಮುಳುವಾಗಿತ್ತು. ಉಪ್ಪು, ಮದ್ಯಸಾರಗಳನ್ನು ಬೆರೆಸಿ, ಕೊನೆಗೆ ಸ್ವಲ್ಪ ಬೆಚ್ಚಗೆ ಮಾಡಿ, ಮಂಜನ್ನು ಬೇಕಾದಷ್ಟು ದುರ್ಬಲಗೊಳಿಸಿದರು ಸರಿ. ಆ ಮಂಜಿನಲ್ಲಿ ಹಡಗು ನಡೆಸಲು ಅಡ್ಡಿಯಿಲ್ಲ. ಹಡಗಿನ ಮೂತಿ ಮಂಜನ್ನು ಬಗ್ಗಿಸಿ ಮುರಿಯುತ್ತದೆ. ಆದರೆ ನೇರವಾಗಿ ನಿಂತ ಕಂಬ ಮಂಜನ್ನು ಅರೆಯುತ್ತದೆ. ಅರೆಯುವಾಗ ನಿಜವಾದ ಮಂಜು ಗಾಜಿನಂತೆ ಸಿಡಿಯಬೇಕಾದಲ್ಲಿ ಈ ಮಂಜು ನೆನೆದ ಬೆಲ್ಲದಚ್ಚಿನಂತೆ ಹಿಸುಕಿಹೋಗುತ್ತಿತ್ತು. ಇಬ್ಬಗೆಯ ಸ್ವಭಾವದಲ್ಲಿ ಒಂದು ಬಗೆಯೇ ಸತ್ತುಹೋಗಿತ್ತು. ಎಲ್ಲ ನಡುಕದ ಮೂಲವೂ ಆ ಎರಡರ ನಡುವಣ ಹೊಯ್ದಾಟವೇ ಆಗಿರುವಾಗ, ಇಂಥ ಮಂಜಿನಲ್ಲಿ ಕಂಬ ನಡುಗಲಿಲ್ಲವೆಂದು ಕಡಲಿನ ಗೋಪುರಕ್ಕೆ ಅಭಯ ಕೊಡುವುದು ಹೇಗೆ?

ಅಭಯ ಕೊಡಬೇಕಾದ ಒತ್ತಡವೂ ಹೆಚ್ಚುತ್ತಿತ್ತು. ಬಾಲ್ಟಿಕ್ ಸಮುದ್ರದಲ್ಲಿ ಗಾಳಿಯಿಂದ ವಿದ್ಯುತ್ತು ತೆಗೆಯುವ ಗೋಪುರಗಳು ಏಳತೊಡಗಿದ್ದವು. ಮಂಜಿನ ಕಡಲಿಗೆಂದೇ ರೂಪಿಸಿದ ಇಂಥ ಮೊದಲ ಸಮೂಹ ೨೦೧೭ರಲ್ಲಿ ಫಿನ್ಲೆಂಡಿನ ಪೋರಿ ನಗರದ ಬಳಿ ಟಾಹ್ಕೊಲೂಟೊ ಎಂಬಲ್ಲಿ ಸಿದ್ಧವಾಯಿತು. ಎಣ್ಣೆವೇದಿಕೆ ಭಾರವಾದ, ಕುಳ್ಳಾದ ವಸ್ತು. ಗಾಳಿಯಂತ್ರವಾದರೋ ಸಣ್ಣ ಸೊಂಟದ, ಎತ್ತರದ, ತಲೆಭಾರದ ಗೋಪುರ. ಒಮ್ಮೆ ಪೂರ್ತಿ ತೂಗಲು ಅದಕ್ಕೆ ಹಲವು ಸೆಕೆಂಡುಗಳು ಬೇಕು. ಅದರ ಮೇಲೆ ಗಾಳಿ, ಬುಡದಲ್ಲಿ ಮಂಜು. ಹಿಂದೆ ದೀಪಸ್ತಂಭಗಳಿಂದ ಕಲಿತ ಪಾಠವನ್ನು ಹಾಗೆಯೇ ಇದಕ್ಕೆ ಹಚ್ಚಬಹುದೆಂಬ ಭರವಸೆ ಇರಲಿಲ್ಲ. ಒಂದು ಗೋಪುರದ ಲೆಕ್ಕ ತಪ್ಪಿದರೆ ಅದೇ ನಕಾಶೆಯ ಹತ್ತಾರು ಗೋಪುರಗಳ ಲೆಕ್ಕವೂ ತಪ್ಪಿದಂತೆ.

ತಪ್ಪಿದರೆ ಏನಾಗುವುದೆಂಬುದಕ್ಕೆ ಚೀನದ ಬೋಹಾಯ್ ಕೊಲ್ಲಿ ಸಾಕ್ಷಿ. ೧೯೬೯ರ ಕಠಿಣ ಚಳಿಗಾಲದಲ್ಲಿ ಅಲ್ಲಿ ಒಂದು ಎಣ್ಣೆವೇದಿಕೆ ಮಂಜಿನ ಹೊಡೆತಕ್ಕೆ ಉರುಳಿಯೇ ಬಿದ್ದಿತು. ಮೂವತ್ತು ವರ್ಷಗಳ ಮೇಲೆ, ೨೦೦೦ದ ಚಳಿಗಾಲದಲ್ಲಿ, ಅದೇ ಕೊಲ್ಲಿಯ ಬೇರೊಂದು ವೇದಿಕೆ ಉರುಳಲಿಲ್ಲ, ಬಾಗಲಿಲ್ಲ, ಬರಿದೆ ನಡುಗಿತು. ಆದರೆ ತಂತಿಯನ್ನು ಅತ್ತಿತ್ತ ಬಗ್ಗಿಸುತ್ತಿದ್ದರೆ ಕಡೆಗೊಮ್ಮೆ ತುಂಡಾಗುವಂತೆ, ನಡುಗಿ ನಡುಗಿ ದಣಿದ ಅನಿಲದ ಕೊಳವೆಯೊಂದು ಸೀಳಿತು. ಗೋಪುರ ನಿಂತಿದೆಯೆಂದ ಮಾತ್ರಕ್ಕೆ ಅದರ ಮೇಲಿನ ಜನ ಕ್ಷೇಮವೆಂದು ಹೇಳುವಂತಿಲ್ಲ.

ಕಂಬಕ್ಕೆ ನೀರಿನ ಮಟ್ಟದಲ್ಲಿ ಶಂಕುವಿನಾಕಾರದ ಕೊರಳಪಟ್ಟಿ ತೊಡಿಸಬಾರದೆ ಎಂದು ಓದುಗರು ಕೇಳಬಹುದು. ತೊಡಿಸಬಹುದು, ತೊಡಿಸಿದ್ದಾರೆ. ಇಳಿಜಾರಿನ ಮೇಲೆ ಏರಿದ ಮಂಜು ಅರೆಯದೆ ಬಾಗಿ ಮುರಿಯುತ್ತದೆ. ಬಾಗಿಸಿ ಮುರಿಯಲು ಅರೆಯುವುದಕ್ಕಿಂತ ಎಷ್ಟೋ ಕಡಿಮೆ ಬಲ ಸಾಕು. ಕೆನಡದಲ್ಲಿ ೧೯೯೭ರಲ್ಲಿ ತೆರೆದ ಸುಮಾರು ೧೩ ಕಿಲೋಮೀಟರ್ ಉದ್ದದ ಕಾನ್ಫೆಡರೇಷನ್ ಸೇತುವೆಯ ಕಂಬಗಳಿಗೂ ಬೋಹಾಯಿಯ ಹಲವು ವೇದಿಕೆಗಳಿಗೂ ಇಂಥ ಶಂ​ಕುಗಳಿವೆ. ಆದರೆ ಅದಕ್ಕೆ ಉಕ್ಕು ಬೇಕು, ಹಣ ಬೇಕು. ಅಗಲವಾದ ಶಂಕುವಿಗೆ ಬೇಸಗೆಯ ಅಲೆಗಳ ಹೊಡೆತವೂ ಹೆಚ್ಚು. ಬೇಡದ ಕಡೆ ಅದನ್ನು ಬಿಡಬೇಕಾದರೆ ಬರಿಯ ಕಂಬ ಎಷ್ಟು ನಡುಗುವುದೆಂದು ಮೊದಲು ತಿಳಿದಿರಬೇಕು.

ಅರ್ಧ ಉಕ್ಕು, ಅರ್ಧ ಗಣಿತ

ಡೆಲ್ಫ್ಟ್ ಮತ್ತು ಆಲ್ಟೊ ವಿಶ್ವವಿದ್ಯಾನಿಲಯದವರು ಜೊತೆಗೂಡಿ ೨೦೨೧ರಲ್ಲಿ ನಡೆಸಿದ ಪ್ರಯೋಗ ಈ ತೊಡಕನ್ನು ತಲೆಕೆಳಗು ಮಾಡಿ ಬಿಡಿಸಲು ಹೊರಟಿತು. ಗೋಪುರಕ್ಕೆ ತಕ್ಕಂತೆ ಮಂಜನ್ನು ದುರ್ಬಲಗೊಳಿಸುವುದು ಬೇಡ. ಮಂಜು ತಣ್ಣಗೆ, ಗಟ್ಟಿಯಾಗಿ, ಸಿಡಿಯುವಂತೆಯೇ ಇರಲಿ. ಅದಕ್ಕೆ ತಕ್ಕಂತೆ ಗೋಪುರವನ್ನೇ ಬದಲಿಸೋಣ ಎಂದರು. ಆದರೆ ಒಂದೊಂದು ಪರೀಕ್ಷೆಗೆ ಒಂದೊಂದು ಗೋಪುರವನ್ನು ಕಟ್ಟುವವರಾರು?

ಅವರು ಗೋಪುರವನ್ನು ಕಟ್ಟಲೇ ಇಲ್ಲ. ೨೦ ಸೆಂಟಿಮೀಟರ್ ವ್ಯಾಸದ ಒಂದು ದುಂಡು ಕಂಬ ಮಾತ್ರ ನಿಜ. ಮಿಕ್ಕ ಗೋಪುರವೆಲ್ಲ ಕಂಪ್ಯೂಟರಿನೊಳಗಿನ ಗಣಿತ. ಕಂಬದ ಮೇಲೆ ಬಿದ್ದ ಮಂಜಿನ ಭಾರವನ್ನು ಮಾಪಕಗಳು ಕಂಪ್ಯೂಟರಿಗೆ ತಿಳಿಸುತ್ತವೆ. ಇಷ್ಟು ಭಾರ ಬಿದ್ದರೆ ಇಂಥ ಎತ್ತರದ, ಇಂಥ ತೂಕದ ಗೋಪುರ, ಮೇಲೆ ಇಂಥ ಗಾಳಿಯಿರುವಾಗ, ಎಷ್ಟು ಸರಿಯುತ್ತಿತ್ತೆಂದು ಅದು ಆ ಕೂಡಲೇ ಲೆಕ್ಕ ಹಾಕುತ್ತದೆ. ಮೋಟಾರುಗಳು ಕಂಬವನ್ನು ಅಷ್ಟೇ ಸರಿಸುತ್ತವೆ. ಕಣ್ಣೆವೆ ಇಕ್ಕುವುದರೊಳಗೆ ಈ ಸಂವಾದ ಹಲವಾರು ಸಲ ನಡೆದುಹೋಗುತ್ತದೆ. ಮಂಜಿನ ಪಾಲಿಗೆ ತನ್ನೆದುರು ನಿಂತಿರುವುದು ಆಕಾಶದೆತ್ತರದ ಗಾಳಿಯಂತ್ರವೇ. ಅಂಕಿಗಳನ್ನು ಬದಲಿಸಿದರೆ ಅದೇ ಕಂಬ ಮಧ್ಯಾಹ್ನಕ್ಕೆ ದೀಪಸ್ತಂಭವಾಗಬಲ್ಲುದು. ನಾಟಕದ ಕಂಪೆನಿಯಲ್ಲಿ ಒಬ್ಬನೇ ನಟ ವೇಷ ಬದಲಿಸಿ ರಾಮನೂ ರಾವಣನೂ ಆಗುವಂತೆ.

ಇಲ್ಲಿಯೂ ಒಂದು ಬಲೆಯಿದೆ. ಲೆಕ್ಕಕ್ಕೂ ಮೋಟಾರಿಗೂ ನಡುವೆ ಎಷ್ಟೇ ಸಣ್ಣ ವಿಳಂಬವಾದರೂ, ಆ ವಿಳಂಬವೇ ತೂಗಾಟಕ್ಕೆ ಶಕ್ತಿ ತುಂಬುತ್ತದೆ. ಅಂದರೆ ಅದೂ ಒಂದು ‘ಋಣ ಶಮನ’! ಹುಡುಕಲು ಹೊರಟ ಕಳ್ಳ ಹುಡುಕುವವರ ಮನೆಯಲ್ಲೇ ಸೇರಿಕೊಂಡಂತಾಯಿತು. ಕಂಬ ನಡುಗಿದಾಗ ಅದು ಮಂಜು ನಡುಗಿಸಿದ ನಡುಕವೋ ತಮ್ಮ ಯಂತ್ರವೇ ನಡುಗಿಸಿದ ನಡುಕವೋ ಎಂದು ಅವರು ಮೊದಲು ತೀರ್ಮಾನಿಸಿಕೊಳ್ಳಬೇಕಾಯಿತು. ವಿಳಂಬವನ್ನು ಅಳೆದು, ಅದನ್ನು ಮುಂಗಂಡು ಸರಿತೂಗಿಸದೆ ಇಂಥ ಯಾವ ಪ್ರಯೋಗವೂ ನಂಬಿಕೆಗೆ ಅರ್ಹವಲ್ಲ.

ಆ ಕೊಳದಲ್ಲಿ ಸುಮಾರು ಮೂರು ನಾಲ್ಕು ಸೆಂಟಿಮೀಟರ್ ದಪ್ಪದ ಮಂಜು ಆ ದುಂಡು ಕಂಬದೆದುರು ನಿಜವಾಗಿ ಸಿಡಿಯಿತು. ಹಳೆಯ ಪ್ರಯೋಗಗಳು ಕಂಡಿದ್ದ ಮೂರು ಬಗೆಯ ವರ್ತನೆಗಳೂ ಕಾಣಿಸಿದವು. ಜೊತೆಗೆ ಗಾಳಿಯಂತ್ರದ ವೇಷದಲ್ಲಿ ಇನ್ನೊಂದು ಬಗೆ ಕಂಡಿತು: ಎತ್ತರದ ಗೋಪುರಕ್ಕೆ ಒಂದೇ ತೂಗಾಟವಲ್ಲ, ಇಡೀ ಮೈ ತೂಗುವುದೊಂದು, ನಡು ಬಳುಕುವುದೊಂದು ಎಂದು ಹಲವುಂಟು, ಮಂಜು ಅವುಗಳಲ್ಲಿ ಒಂದಕ್ಕಿಂತ ಹೆಚ್ಚನ್ನು ಏಕಕಾಲಕ್ಕೆ ಎಬ್ಬಿಸಿತು. ದೀಪಸ್ತಂಭಗಳ ಕಾಲದ ನಿಯಮಗಳಲ್ಲಿ ಈ ಬಗೆಗೆ ಹೆಸರೇ ಇರಲಿಲ್ಲ. ಪ್ರಯೋಗದ ಅಂಕಿಅಂಶಗಳನ್ನು ಅವರು ಮುಚ್ಚಿಡದೆ, ಯಾರು ಬೇಕಾದರೂ ತಮ್ಮ ಲೆಕ್ಕವನ್ನು ಅದರೊಡನೆ ಹೋಲಿಸಿ ನೋಡಲೆಂದು ೨೦೨೨ರಲ್ಲಿ ಪ್ರಕಟಿಸಿದ್ದಾರೆ.

ಒಂದು ಮಂಜಿನ ಹಾಸಿನಲ್ಲಿ ಕಂಬ ಒಮ್ಮೆ ಹಾದುಹೋದ ದಾರಿ ಮತ್ತೆ ಉಪಯೋಗಕ್ಕೆ ಬಾರದು. ಕೊಳದ ತುಂಬ ಅಂಥ ದಾರಿಗಳು ತುಂಬಿದ ಮೇಲೆ ಮುರಿದ ಮಂಜನ್ನೆಲ್ಲ ಒಂದು ಬದಿಗೆ ತಳ್ಳಿ ಕರಗಿಸುತ್ತಾರೆ. ದೀಪ ಆರಿಸಿ, ಶೈತ್ಯಯಂತ್ರವನ್ನು ಮತ್ತೆ ಏರಿಸಿ, ನೀರಿನ ಮೇಲೆ ಹೊಸ ಹೆಪ್ಪಿನ ತುಂತುರನ್ನು ಸಿಂಪಡಿಸಿ ಹೊರಬರುತ್ತಾರೆ. ಹೊಸ ಹಾಸು ಬೇಕಾದ ದಪ್ಪಕ್ಕೆ ಬೆಳೆಯುವವರೆಗೆ ಕೊಳದ ಮನೆಯಲ್ಲಿ ಯಾರಿಗೂ ಕೆಲಸವಿಲ್ಲ.